ಜಪಾನಿನ ಗಂಡ ಹೆಂಡತಿಯ ಹಾಡು, ನನ್ನ ಏಳು ಕಾಜಾ

ನನಗೆ ಜಪಾನಿನ ಒಬ್ಬ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು. ಅವಳನ್ನು ನಾನು ನೋಡಿದ್ದು ಅಂಗೈ ಅಗಲದ ಮೊಬೈಲಿನಲ್ಲಿ ಮಾತ್ರ. ನಾನೊಬ್ಬಳು ಈ ಭೂಮಿಯ ಮೇಲೆ ಇದ್ದೇನೆ ಅಂತ ಅವಳಿಗೆ ಗೊತ್ತೂ ಇಲ್ಲ. ಎಪ್ಪತ್ತೊಂದು ವರ್ಷಕ್ಕೆ ಇದೆಲ್ಲ ಬೇಕಾ ಅತ್ತೆ ಅಂತ ಸೊಸೆ ಕೇಳಿದಳು. ಬೇಕು ಅಂತ ಯಾರೂ ಹೊಟ್ಟೆಕಿಚ್ಚು ತರಿಸಿಕೊಳ್ಳುವುದಿಲ್ಲ. ಅದು ಹುಳಿತೇಗಿನ ಹಾಗೆ, ತಾನಾಗಿ ಬರುತ್ತದೆ, ಬಂದ ಮೇಲೆ ಬಾಯಿ ಮುಚ್ಚಿದರೂ ಗೊತ್ತಾಗುತ್ತದೆ.

ನಮ್ಮದು ಕೊಪ್ಪದಲ್ಲಿ ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಇವರು, ಅಂದರೆ ನಮ್ಮನೆಯವರು, ಹದಿನಾರನೇ ವರ್ಷದಿಂದ ಮಿಷನ್ ತುಳಿದವರು. ಈಗ ಅಂಗಿ ಹೊಲಿಸುವವರು ಕಡಿಮೆ. ಮಗ ಅರ್ಧ ಅಂಗಡಿಯಲ್ಲಿ ರೆಡಿಮೇಡ್ ಬಟ್ಟೆ ಇಟ್ಟಿದ್ದಾನೆ, ಉಳಿದ ಅರ್ಧದಲ್ಲಿ ಇವರ ಮಿಷನ್ನು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಹಾಕುವುದು, ಹೊಟ್ಟೆ ಬಂದವರಿಗೆ ಸೊಂಟ ಬಿಚ್ಚಿ ಕೊಡುವುದು, ಇಷ್ಟೇ ಕೆಲಸ. ಮಧ್ಯಾಹ್ನ ಊಟ ಆದ ಮೇಲೆ ಮೊಬೈಲಿನಲ್ಲಿ ಹಳೇ ಸಿನಿಮಾ ಹಾಡು ಹಾಕಿಕೊಂಡು ಮಿಷನ್ ಪಕ್ಕದ ಬೆಂಚಿನ ಮೇಲೆ ಒರಗುತ್ತಾರೆ. ಎರಡನೇ ಹಾಡಿಗೆ ಗೊರಕೆ. ಇವರು ಮಲಗಿದರೂ ಮೊಬೈಲು ಮಲಗುವುದಿಲ್ಲ. ಒಂದು ಹಾಡು ಮುಗಿದರೆ ತಾನೇ ಇನ್ನೊಂದು ಹಾಕಿಕೊಳ್ಳುತ್ತದೆ. ಹೋದ ವರ್ಷ ಒಂದು ಮಧ್ಯಾಹ್ನ ಅದು ಹೀಗೇ ಸಿನಿಮಾ ಹಾಡಿನಿಂದ ಭಜನೆಗೆ ಹೋಗಿ, ಭಜನೆಯಿಂದ ಮತ್ತೆಲ್ಲಿಗೋ ಹೋಗಿ, ಕೊನೆಗೆ ಜಪಾನಿಗೆ ಹೋಗಿ ನಿಂತಿತು.

ನಾನು ಒಳಗೆ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದೆ. ಗಿಟಾರಿನ ಸದ್ದು ಕೇಳಿತು, ಆಮೇಲೆ ಒಂದು ಹೆಂಗಸಿನ ದನಿ. ಚೂರೂ ಅವಸರ ಇಲ್ಲ. ಭಾಷೆ ಯಾವುದೋ. ಎದ್ದು ಬಂದು ನೋಡಿದೆ. ಇವರ ಗೊರಕೆ ನಿಂತಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದರು, ಆದರೆ ಬಲಗಾಲಿನ ಪಾದ ಮಿಷನ್ ತುಳಿಯುವ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು.

"ಅದೆಂತ ಹಾಡು? ತೆಗೀರಿ" ಅಂದೆ.

"ಇರು ಮಾರಾಯ್ತಿ, ಮುಗೀಲಿ" ಅಂದರು, ಕಣ್ಣು ಬಿಡದೆ.

ಐವತ್ತೆರಡು ವರ್ಷದ ಸಂಸಾರದಲ್ಲಿ ಇವರು ಯಾವ ಹಾಡಿಗೂ ಮುಗೀಲಿ ಅಂದದ್ದು ನಾನು ಕೇಳಿರಲಿಲ್ಲ. ಅವತ್ತೇ ಎದೆಯ ಒಳಗೆ ಒಗ್ಗರಣೆ ಬಿದ್ದ ಹಾಗೆ ಚುರ್ ಅಂದಿತು.

ಸಂಜೆ ಕಾಲೇಜಿನಿಂದ ಮೊಮ್ಮಗಳು ಬಂದಳು. ಚೀಲ ಇಳಿಸುವುದಕ್ಕೂ ಬಿಡದೆ ಇವರು ಅವಳ ಕೈಗೆ ಮೊಬೈಲು ಕೊಟ್ಟು, ಇದು ಯಾವ ದೇಶದ್ದು ನೋಡು ಅಂದರು. ಅವಳು ಕೆಳಗೆ ಬರೆದಿದ್ದ ಇಂಗ್ಲಿಷನ್ನು ಓದಿದಳು.

"ಜಪಾನಿಂದು ಅಜ್ಜ. ಇವರಿಬ್ಬರೂ ಗಂಡ ಹೆಂಡತಿಯಂತೆ. ಆ ಕಾಲದಲ್ಲಿ ಇವರ ಹಾಡು ಹೇಳದ ಮನೆಯೇ ಇರ್ಲಿಲ್ಲಂತೆ ಅಲ್ಲಿ."

"ಸಿನಿಮಾದವರಾ?"

"ಅಲ್ಲ. ನಮ್ಮ ಜನಪದ ಇದ್ದಹಾಗೆ. ಇವರೇ ಹಾಡು ಕಟ್ಟಿ ಇವರೇ ಹಾಡೋದು."

"ಗಂಡ ಹೆಂಡತಿ ಅಂತ ಸರಿಯಾಗಿ ನೋಡ್ದ್ಯಾ?"

"ಹೂಂ ಅಜ್ಜ, ಇಲ್ಲೇ ಉಂಟಲ್ಲ."

ಇವರು ಒಳಗೆ ತಿರುಗಿ, "ಕೇಳ್ತಾ? ಗಂಡ ಹೆಂಡತಿಯಂತೆ" ಅಂತ ನನಗೆ ಕೂಗಿ ಹೇಳಿದರು. ನನಗೆ ಕೇಳಿತ್ತು. ಕೇಳಲಿಲ್ಲ ಅನ್ನುವ ಹಾಗೆ ಪಾತ್ರೆ ತಿಕ್ಕಿದೆ.

ಆ ಜಪಾನಿನವರದು ಎರಡು ವಿಡಿಯೋ ಇವೆ. ಒಂದರಲ್ಲಿ ಇಬ್ಬರೂ ಎಳೆಯರು. ಅವನಿಗೆ ಕಿವಿ ಮುಚ್ಚುವಷ್ಟು ಕೂದಲು. ಅವಳಿಗೆ ಮಂಡಿಯ ಕೆಳಗೆ ಬರುವ ಲಂಗ, ಮೇಲೆ ಕಾಲರಿನ ಅಂಗಿ. ಕಾಲರು ಸರಿಯಾಗಿ ಕೂತಿಲ್ಲ, ಅದನ್ನು ನಾನು ಮೊದಲೇ ನೋಡಿದೆ. ಇನ್ನೊಂದರಲ್ಲಿ ಇಬ್ಬರೂ ಮುದುಕರು. ಅದೇ ಹಾಡುಗಳು, ಅದೇ ಗಿಟಾರು, ತಲೆ ಮಾತ್ರ ಬೆಳ್ಳಗೆ. ಇವರಿಗೆ ಎರಡನೆಯದೇ ಹೆಚ್ಚು ಇಷ್ಟ.

"ನೋಡು, ಹಲ್ಲು ಹೋಗೋ ವಯಸ್ಸಾದ್ರೂ ಬಿಟ್ಟಿಲ್ಲ ಇಬ್ರೂ" ಅಂದರು.

"ಹಲ್ಲು ಕಟ್ಟಿಸಿರ್ತಾರೆ, ಅದ್ಕೆ" ಅಂದೆ.

ಮೊಮ್ಮಗಳು ಹಾಡಿನ ಅರ್ಥವನ್ನೂ ಹುಡುಕಿ ಹೇಳಿದಳು. ಒಂದು ಹಾಡಿನಲ್ಲಿ ಗಂಡ ಹೆಂಡತಿ ಮನೆ ಮುಂದೆ ಕೂತು ಯಾವುದೋ ಹಣ್ಣು ಸುಲಿದು, ದಾರಕ್ಕೆ ಕಟ್ಟಿ, ಒಣಗಲು ನೇತುಹಾಕುತ್ತಾರಂತೆ. ಹಣ್ಣು ಒಣಗುವುದರೊಳಗೆ ಅವರ ಜಗಳ ಮುಗಿಯುತ್ತದಂತೆ. ಇನ್ನೊಂದರಲ್ಲಿ ಬಸ್ಸು ತಪ್ಪಿದ ಇಬ್ಬರು ಮಾತಾಡದೆ ನಡೆದುಕೊಂಡು ಮನೆಗೆ ಹೋಗುತ್ತಾರಂತೆ. ಅಷ್ಟೇ. ದೇವರಿಲ್ಲ, ಕತೆಯಿಲ್ಲ. ಬಸ್ಸು ತಪ್ಪಿದ್ದಕ್ಕೂ ಒಂದು ಹಾಡು ಅಂದರೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ನೂರು ಹಾಡು ಕಟ್ಟಬಹುದು ಅಂದೆ. ಮೊಮ್ಮಗಳು ನಕ್ಕಳು. ಇವರು ನಗಲಿಲ್ಲ. ಆಗಲೇ ಮತ್ತೊಂದು ಸಲ ಹಾಕಿ ಆಗಿತ್ತು.

ನಾನು ಯಾಕೆ ಉರಿದುಕೊಂಡೆ ಅಂತ ಹೇಳಬೇಕಾದರೆ ನನ್ನ ಹಾಡಿನ ವಿಷಯ ಹೇಳಬೇಕು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಾಡು ಪುಸ್ತಕದಿಂದ ಬಂದದ್ದಲ್ಲ. ಶೆಟ್ಟಿಕೊಪ್ಪದ ತವರಿನಲ್ಲಿ ಅಮ್ಮ ಹೇಳುತ್ತಿದ್ದಳು, ನಾನು ಹಿಂದಿನಿಂದ ಹಿಡಿಯುತ್ತಿದ್ದೆ. ಮದುವೆಯ ಸೋಬಾನೆ, ಹಸೆ ಹಾಡು ಎಲ್ಲ ಹಾಗೇ ಬಾಯಿಗೆ ಬಂದವು. ನಮ್ಮ ಕಡೆ ಹಸೆ ಹಾಡನ್ನು ಒಬ್ಬರೇ ಹೇಳುವುದಿಲ್ಲ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅವಳ ಉಸಿರು ಮುಗಿಯುವ ಜಾಗದಲ್ಲಿ ಇನ್ನೊಬ್ಬಳು ಅದೇ ಸೊಲ್ಲನ್ನು ಹಿಡಿಯುತ್ತಾಳೆ. ಜನರ ಮುಂದೆ ಒಂಟಿ ದನಿಯಲ್ಲಿ ಹಾಡುವುದು ಸಾವಿನ ಮನೆಯಲ್ಲಿ ಮಾತ್ರ. ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ನನ್ನ ಸೊಲ್ಲು ಹಿಡಿಯುತ್ತಿದ್ದವಳು ಇವರ ತಂಗಿ, ನನ್ನ ನಾದಿನಿ. ಅವಳನ್ನು ಶೃಂಗೇರಿಗೆ ಕೊಟ್ಟಿತ್ತು. ನಾವಿಬ್ಬರೂ ಬಾರದೆ ನಮ್ಮ ಬಳಗದಲ್ಲಿ ಯಾವ ಹೆಣ್ಣೂ ಹಸೆಗೆ ಏಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಅವಳು ಸತ್ತಳು. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಮದುವೆ ಮನೆ ಬಿಟ್ಟರೆ ನಾನು ಹಾಡಿದ್ದು ಇವರ ಮಿಷನ್ ಪಕ್ಕದಲ್ಲಿ. ಇವರು ಹೊಲಿದ ಅಂಗಿಗೆ ಗುಂಡಿ ತೂರುವ ಕಾಜಾ ಮಾಡುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಮೊದಮೊದಲು ನನಗೆ ಲೆಕ್ಕ ತಪ್ಪುತ್ತಿತ್ತು. ಒಂದು ಸಲ ಯಾರೋ ಮೇಷ್ಟ್ರ ಅಂಗಿಗೆ ಆರೇ ಕಾಜಾ ಮಾಡಿ ಕಳಿಸಿ, ಅವರು ಹೊಕ್ಕುಳು ಕಾಣಿಸಿಕೊಂಡು ಶಾಲೆಗೆ ಹೋಗಿ, ಇವರ ಬಾಯಿಂದ ನನಗೆ ಚೆನ್ನಾಗಿ ಆಗಿತ್ತು. ಆಮೇಲೆ ಒಂದು ಉಪಾಯ ಮಾಡಿಕೊಂಡೆ. ಹೆಣ್ಣನ್ನು ಹಸೆಗೆ ಕರೆಯುವ ಹಾಡು ಒಂದಿದೆ. ಶಿವ ಪಾರ್ವತಿಯನ್ನು ಹಸೆಗೆ ಕರೆಯುತ್ತಾನೆ, ಅವಳು ಒಂದೊಂದು ನುಡಿಗೆ ಒಂದೊಂದು ನೆಪ ಹೇಳುತ್ತಾಳೆ. ಬಳೆ ಸಡಿಲ, ಬರೋದಿಲ್ಲ ಅಂತ ಒಂದನೇ ನುಡಿ. ಮಲ್ಲಿಗೆ ಇನ್ನೂ ಅರಳಿಲ್ಲ ಅಂತ ಎರಡನೆಯದು. ಕಾಲುಂಗುರ ಬಿಗಿ, ಅಣ್ಣ ಬಂದಿಲ್ಲ, ಸೀರೆಯ ನಿರಿಗೆ ನಿಲ್ಲುತ್ತಿಲ್ಲ, ಅಮ್ಮ ಅಡಿಗೆಮನೆ ಬಿಟ್ಟು ಬಂದಿಲ್ಲ, ಏಳನೆಯದಕ್ಕೆ ಬಾಗಿಲಿಗೆ ನಂದಿ ಅಡ್ಡ ನಿಂತಿದ್ದಾನೆ. ಹಾಡು ಇನ್ನೂ ಇದೆ, ಆದರೆ ಅರೆತೋಳಿನ ಅಂಗಿಗೆ ಏಳೇ ಕಾಜಾ. ಒಂದು ಕಾಜಾಕ್ಕೆ ಒಂದು ನುಡಿ. ಕಾಜಾ ಮುಗಿಯುವವರೆಗೆ ಅದೇ ನುಡಿಯನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದೆ. ನಂದಿ ಬಂದ ಅಂದರೆ ಅಂಗಿ ಮುಗಿಯಿತು. ಇವರು ನೋಡದೆಯೇ ಕೈ ಚಾಚುತ್ತಿದ್ದರು, ನಾನು ಅಂಗಿ ಕೊಡುತ್ತಿದ್ದೆ. ಇನ್ನೊಂದು ಅಂಗಿ ತಗೊಂಡರೆ ಮತ್ತೆ ಬಳೆ ಸಡಿಲ. ಹೀಗೆ ಎಷ್ಟು ಸಾವಿರ ಅಂಗಿಯೋ. ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಇವರು ಒಂದು ದಿನವೂ ತಲೆ ಎತ್ತಲಿಲ್ಲ. ಮದುವೆಯಾಗಿ ಮೂರೋ ನಾಕೋ ವರ್ಷಕ್ಕೆ ಒಂದು ಸಲ ನಾನೇ ನಾಚಿಕೆ ಬಿಟ್ಟು ಕೇಳಿದ್ದೆ, ನನ್ನ ಹಾಡು ಹ್ಯಾಗಿದೆ ಅಂತ.

ಇವರು, "ಬಿಳಿ ದಾರ ಕೊಡು" ಅಂದರು.

ಕೊಟ್ಟೆ. ಮತ್ತೆ ಕೇಳಲಿಲ್ಲ. ಇವರಿಗೆ ಹಾಡು ಅಂದರೆ ಏನೂ ಇಲ್ಲ, ಎಮ್ಮೆಯ ಕಿವಿ ಅಂತ ತಿಳಿದು ಸುಮ್ಮನೆ ಇದ್ದೆ. ಹಾಗೆ ತಿಳಿದುಕೊಂಡಿದ್ದರೆ ಬದುಕಬಹುದು. ಎಮ್ಮೆ ಅಲ್ಲ, ಬೇರೆಯವಳ ಹಾಡಾದರೆ ಕಿವಿ ನಿಮಿರುತ್ತದೆ ಅಂತ ಎಪ್ಪತ್ತನೇ ವರ್ಷದಲ್ಲಿ ಗೊತ್ತಾದರೆ ಉರಿಯುವುದಿಲ್ಲವಾ?

ಇವರು ಮನೆಯಲ್ಲಿ ಕೇಳುವುದು ಸಾಲದು ಅಂತ ಬಂದವರಿಗೂ ಕೇಳಿಸತೊಡಗಿದರು. ಮೇಗುಂದದ ಒಬ್ಬರು ಜಿಪ್ ಹಾಕಿಸಲು ಬಂದವರು, ಪ್ಯಾಂಟು ಬಿಚ್ಚಿ ಕೊಟ್ಟು ನಮ್ಮ ಮಗನ ಲುಂಗಿ ಸುತ್ತಿಕೊಂಡು ಕೂತಿದ್ದರು. ಜಿಪ್ ಹಾಕಿ ಆದರೂ ಇವರು ಪ್ಯಾಂಟು ಕೊಡಲಿಲ್ಲ.

"ಇದರ ಅರ್ಥ ಎಂತ ಮಾರಾಯ್ರೇ?" ಅಂದರು ಪಾಪ ಅವರು.

"ಅರ್ಥ ಬಿಡಿ. ಇಲ್ಲಿ ಕೇಳಿ. ಹೆಂಡ್ತಿ ದನಿ ಇಳೀತದೆ ನೋಡಿ, ಈಗ... ಈಗ ಗಂಡ ಕೆಳಗಿಂದ ಹಿಡ್ದ. ಹ್ಯಾಗೆ? ಒಳ್ಳೇ ಕೋಟಿಗೆ ಅಸ್ತರಿ ಕೂರಿಸಿದಂಗೆ. ಹೊರಗೆ ಕಾಣೋದಿಲ್ಲ, ಅದಿಲ್ದೆ ಕೋಟು ನಿಲ್ಲೋದಿಲ್ಲ."

"ಹೌದಾ. ನಂಗೆ ಬಸ್ಸಿಗೆ ಹೊತ್ತಾಯ್ತು."

"ಇನ್ನೊಂದು ಹಾಡು, ಸಣ್ಣದು."

ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಅಸ್ತರಿಯಂತೆ. ಹಾಗಾದರೆ ನನ್ನದು ಅಷ್ಟು ವರ್ಷ ಅಸ್ತರಿ ಇಲ್ಲದ ಕೋಟು.

ಇವರು ಸಂತೆಗೆ ಹೋದಾಗ ನಾನೂ ಕದ್ದು ಕೇಳಿದೆ, ತಪ್ಪು ಹುಡುಕುವುದಕ್ಕೆ. ಮೊಬೈಲಿನ ಬಟನ್ನು ನನಗೆ ಬಾರದು, ಮೊಮ್ಮಗಳೇ ಹಾಕಿ ಕೊಟ್ಟಳು, ಅಜ್ಜನಿಗೆ ಹೇಳಬೇಡ ಅಂತ ಅವಳಿಂದ ಭಾಷೆ ತಗೊಂಡೆ. ತಪ್ಪು ಸಿಕ್ಕಿತು. ಅವಳ ದನಿಗೆ ತೂಕ ಇಲ್ಲ. ಮೈಕು ಇಲ್ಲದಿದ್ದರೆ ಮದುವೆ ಮನೆಯಲ್ಲಿ ಎರಡನೇ ಸಾಲಿಗೆ ಮುಟ್ಟುವುದಿಲ್ಲ. ನಾನು ಹಾಡಿದರೆ ಅಡಿಗೆಯವರಿಗೂ ಕೇಳುತ್ತಿತ್ತು. ಆದರೆ ಕೇಳುತ್ತಾ ಕೇಳುತ್ತಾ ನನಗೆ ಬೇರೆಯೇ ಕಂಡಿತು. ಅವಳು ಸೊಲ್ಲಿನ ಕೊನೆಯಲ್ಲಿ ಉಸಿರು ಬಿಗಿ ಹಿಡಿಯುವುದೇ ಇಲ್ಲ. ಅರ್ಧಕ್ಕೆ ಬಿಟ್ಟುಬಿಡುತ್ತಾಳೆ. ಬಿದ್ದರೆ ಹಿಡಿಯುವವನು ಇದ್ದಾನೆ ಅಂತ ಗೊತ್ತಿದ್ದವಳು ಮಾತ್ರ ಹಾಗೆ ಬಿಡುತ್ತಾಳೆ. ಆ ಬಿಡುವುದರ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ದನಿಯ ಮೇಲೆ ಅಲ್ಲ.

ಆಮೇಲೆ ನಾನು ಮಾಡಿದ್ದು ಸಣ್ಣತನ, ಒಪ್ಪಿಕೊಳ್ಳುತ್ತೇನೆ. ಇವರು ಹಾಡು ಹಾಕುವ ಹೊತ್ತಿಗೆ ಸರಿಯಾಗಿ ಮಿಕ್ಸಿ ತಿರುಗಿಸಿದೆ. ಚಾರ್ಜರನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟೆ. ಸೊಸೆ ಅನ್ನಕ್ಕೆ ಅಕ್ಕಿ ತೆಗೆಯುವಾಗ ಸಿಕ್ಕಿತು. "ಅತ್ತೆ, ಚಾರ್ಜರಿಗೆ ಹುಳ ಹಿಡೀಬಾರ್ದು ಅಂತನಾ?" ಅಂದಳು. ಒಂದು ಮಧ್ಯಾಹ್ನ ಮಗನ ಹಳೇ ಅಂಗಿಯ ಕಾಜಾ ಹರಿದಿದೆ ಅಂತ ನೆಪ ಮಾಡಿ, ಬೆಂಚಿನ ಹತ್ತಿರವೇ ಸ್ಟೂಲು ಎಳೆದುಕೊಂಡು ಕೂತು, ಸಣ್ಣಗೆ ಬಳೆ ಸಡಿಲ ಅಂತ ಎತ್ತಿದೆ. ಎರಡು ವರ್ಷದ ಮೇಲೆ ಮೊದಲ ಸಲ. ದನಿ ತುಕ್ಕು ಹಿಡಿದ ಕತ್ತರಿಯ ಹಾಗೆ ಬಂತು. ಇವರು ಒಂದು ನುಡಿ ಆಗುವವರೆಗೆ ಮೇಲೆ ನೋಡುತ್ತಾ ಮಲಗಿದ್ದರು. ಆಮೇಲೆ, "ಚಾ ಆಗ್ಲಿಲ್ವಾ?" ಅಂದರು.

ಚಾ ಮಾಡಿದೆ. ಸಕ್ಕರೆ ಹಾಕಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ ಶೃಂಗೇರಿಯಿಂದ ನಾದಿನಿಯ ಮಗ ಬಂದ. ಅವನ ಮಗನಿಗೆ ನರಸಿಂಹರಾಜಪುರದ ಹುಡುಗಿ ಗೊತ್ತಾಗಿತ್ತು. ಮದುವೆ ಶೃಂಗೇರಿಯಲ್ಲಿ.

"ಅತ್ತೆ, ಹೆಣ್ಣಿನ ಕಡೆಯಲ್ಲಿ ಅಕ್ಕ ತಂಗಿ ಇಬ್ಬರು ಇದ್ದಾರೆ, ಸೋಬಾನೆಗೆ ಹೆಸರಾದವರು. ನಮ್ಮ ಕಡೆಯಿಂದ ನೀವೇ ಹೇಳ್ಬೇಕು" ಅಂದ.

"ನಿನ್ನಮ್ಮ ಇಲ್ಲದೆ ಯಾರು ಹಿಡೀತಾರೆ?"

"ಯಾರಾದ್ರೂ ಇದ್ದಾರಾ ನೋಡಿ. ಇಲ್ದಿದ್ರೆ ಮೊಬೈಲಿಂದು ಸ್ಪೀಕರಿಗೆ ಹಾಕಿಬಿಡುವ. ಈಗೆಲ್ಲ ಹಾಗೇ ಮಾಡ್ತಾರೆ."

ನಾದಿನಿಯ ಮೊಮ್ಮಗನ ಮದುವೆ, ಅವಳದೇ ಹಾಡು, ಅದನ್ನು ಮೊಬೈಲು ಹೇಳುವುದು. ಮೊಬೈಲಿನಿಂದ ನನಗೆ ಆದದ್ದು ಸಾಲದಾ? ನಾನೇ ಹೇಳುತ್ತೇನೆ ಅಂದುಬಿಟ್ಟೆ. ಅಂದ ಮೇಲೆ ಜನ ಹುಡುಕಿದೆ. ಶೆಟ್ಟಿಕೊಪ್ಪದಲ್ಲಿ ನನ್ನ ಜೊತೆಯವಳೊಬ್ಬಳಿಗೆ ಎಲ್ಲ ಬರುತ್ತದೆ, ಉಬ್ಬಸದಿಂದ ಎರಡು ಸೊಲ್ಲಿಗೆ ಕೆಮ್ಮುತ್ತಾಳೆ. ಸೊಸೆಗೆ ಪದ ಬಾರದು. ಕೊನೆಗೆ ಮೊಮ್ಮಗಳನ್ನೇ ಕೂರಿಸಿಕೊಂಡೆ. ಪೂರಾ ಹಾಡಿನ ಹದಿನಾರು ನುಡಿಯನ್ನೂ ನಾನು ಹೇಳಿದೆ, ಅವಳು ಮೊಬೈಲಿನಲ್ಲಿ ಬರೆದುಕೊಂಡಳು. ದನಿ ಇದೆ. ಆದರೆ ಓದಿ ಹೇಳುತ್ತಾಳೆ, ನನ್ನ ಉಸಿರು ಮುಗಿದು ಒಂದು ಗಳಿಗೆಯ ಮೇಲೆ ಹಿಡಿಯುತ್ತಾಳೆ.

"ಅಜ್ಜಿ, ಅಜ್ಜನ್ನೇ ಕೇಳಿ. ಅಜ್ಜಂಗೆ ತಾಳ ಗೊತ್ತು" ಅಂದಳು.

"ಗಂಡಸರು ಹಸೆ ಹಾಡು ಹೇಳೋದನ್ನ ಎಲ್ಲಾದ್ರೂ ಕಂಡ್ಯಾ?"

"ಜಪಾನಲ್ಲಿ ಹೇಳ್ತಾರಲ್ಲ."

"ಜಪಾನಿಗೆ ಹೋಗಿ ಮದುವೆ ಮಾಡ್ಕೊ ಹಾಗಾದ್ರೆ" ಅಂದೆ.

ಗಂಡಸರು ಹೇಳುವುದಿಲ್ಲ ಅನ್ನುವುದು ನಿಜ. ಹಸೆ ಹಾಡಿನ ಹೊತ್ತಿಗೆ ಗಂಡಸರು ಚಪ್ಪರದಲ್ಲಿ ಇಸ್ಪೀಟು ಆಡುತ್ತಾರೆ. ಇವರಂತೂ ಮದುವೆ ಮನೆಗೆ ಬರುತ್ತಿದ್ದದ್ದೇ ಊಟದ ಹೊತ್ತಿಗೆ, ಮದುವೆ ಕಾಲದಲ್ಲಿ ದರ್ಜಿಗೆ ಬಿಡುವೆಲ್ಲಿ? ಆದರೆ ನಾನು ಕೇಳದೆ ಇದ್ದದ್ದು ಅದಕ್ಕಲ್ಲ. ಬಿಳಿ ದಾರ ಕೊಡು ಅಂತ ಇನ್ನೊಂದು ಸಲ ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಮದುವೆಯ ದಿನ ಇವರು ಅಂಗಡಿಗೆ ರಜೆ ಹಾಕಿ ನಮ್ಮ ಜೊತೆಗೇ ಬಂದರು. ಛತ್ರದಲ್ಲಿ ಹೆಂಗಸರೆಲ್ಲ ಹಸೆಮಣೆಯ ಮುಂದೆ ಚಾಪೆಯ ಮೇಲೆ ಕೂತೆವು. ಮೊದಲು ಹೆಣ್ಣಿನ ಕಡೆಯ ಅಕ್ಕ ತಂಗಿ ಗಂಡನ್ನು ಕರೆದರು. ಒಳ್ಳೇ ಜೋಡಿ. ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಹಾಡು ಚೆಲ್ಲದೆ ಹೋಗುತ್ತಿತ್ತು. ಅವರ ಮೇಲೂ ನನಗೆ ಕಿಚ್ಚು ಬಂತು. ಆ ಹೊತ್ತಿಗೆ ಜೋಡಿ ಎತ್ತುಗಳನ್ನು ಕಂಡರೂ ಬರುತ್ತಿತ್ತು ನನಗೆ.

ಆಮೇಲೆ ನಮ್ಮ ಸರದಿ. ಹೆಣ್ಣು ಒಳಗಿನ ಕೋಣೆಯಲ್ಲಿ ಇರುತ್ತಾಳೆ, ಹಾಡು ಕೊನೆಯ ನುಡಿಗೆ ಬರುವವರೆಗೆ ಅವಳು ಏಳುವ ಹಾಗಿಲ್ಲ, ಅದು ಪದ್ಧತಿ. ನಾನು ಬಳೆಯ ಸೊಲ್ಲು ಎತ್ತಿದೆ. ದನಿ ಬಂತು. ಸೊಲ್ಲು ಮುಗಿಯಿತು. ಮೊಮ್ಮಗಳು ಹಿಡಿಯಬೇಕು. ತಿರುಗಿ ನೋಡಿದರೆ ಅವಳು ಮೊಬೈಲು ನೋಡುತ್ತಾ ಬಾಯಿ ತೆರೆದು ಕೂತಿದ್ದಾಳೆ, ದನಿ ಇಲ್ಲ. ಅಷ್ಟು ಜನರನ್ನು ಕಂಡು ಗಂಟಲು ಕಟ್ಟಿತ್ತು. ಎದುರಿನ ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಒಂಟಿ ದನಿ ಹಾಗೇ ಬಿದ್ದುಹೋಗುತ್ತದೆ ಅಂದುಕೊಂಡೆ.

ಆಗ ಹಿಂದಿನಿಂದ, ಕಂಬದ ಹತ್ತಿರದಿಂದ, ಒಂದು ಗಂಡು ದನಿ ಆ ಸೊಲ್ಲನ್ನು ಹಿಡಿಯಿತು. ದೊಡ್ಡ ದನಿ ಅಲ್ಲ. ಆದರೆ ನಾನು ಎಲ್ಲಿ ಎಳೆಯುತ್ತೇನೋ ಅಲ್ಲೇ ಎಳೆಯಿತು, ಎಲ್ಲಿ ಮುರಿಯುತ್ತೇನೋ ಅಲ್ಲೇ ಮುರಿಯಿತು. ನಾನು ತಿರುಗಲಿಲ್ಲ. ತಿರುಗಬೇಕಾಗಿಯೂ ಇರಲಿಲ್ಲ. ಎರಡನೇ ನುಡಿ ಎತ್ತಿದೆ, ಮಲ್ಲಿಗೆ. ಹಿಡಿಯಿತು. ಹೆಂಗಸರೆಲ್ಲ ಕುತ್ತಿಗೆ ತಿರುಗಿಸಿ ನೋಡಿದರು.

ಎದುರಿನ ಅಕ್ಕ ಸುಮ್ಮನಿರುವವಳಲ್ಲ. "ಗಂಡಿನ ಕಡೆ ಹೆಂಗಸ್ರು ಖಾಲಿ ಆದ್ರಾ? ಗಂಡಸ್ರನ್ನ ಇಳಿಸಿದ್ದೀರಲ್ಲ" ಅಂದಳು.

"ನಿಮ್ಮ ಕಡೆಯವ್ರಿಗೆ ಇಸ್ಪೀಟು ಬಿಟ್ರೆ ಏನೂ ಬರೋದಿಲ್ಲ, ಅದ್ಕೆ ನಿಮಗೆ ಸಂಕಟ" ಅಂತ ನಮ್ಮ ಸೊಸೆ ಕೊಟ್ಟಳು. ಅವಳು ನನ್ನ ಪರ ಮಾತಾಡಿದ್ದು ಅಪರೂಪ.

ಕಾಲುಂಗುರ, ಅಣ್ಣ, ನಿರಿಗೆ, ಅಮ್ಮ. ನಾಲ್ಕನೇ ನುಡಿಯ ಹೊತ್ತಿಗೆ ನಾನು ಸೊಲ್ಲಿನ ಕೊನೆಯನ್ನು ಬಿಗಿ ಹಿಡಿಯುವುದು ಬಿಟ್ಟೆ. ಜಪಾನಿನವಳು ಬಿಡುವ ಹಾಗೆ ಅರ್ಧಕ್ಕೆ ಬಿಟ್ಟು ನೋಡಿದೆ. ಬೀಳಲಿಲ್ಲ. ಏಳನೆಯದು, ನಂದಿ. ಅದನ್ನೂ ಹಿಡಿದರು.

ಎಂಟನೆಯದು ಎತ್ತಿದೆ. ಅಲ್ಲಿಂದ ಶಿವ ಒಂದೊಂದು ನೆಪಕ್ಕೂ ಉತ್ತರ ಹೇಳಿ ಕಳಿಸುತ್ತಾನೆ. ನನ್ನ ಸೊಲ್ಲು ಮುಗಿಯಿತು. ಹಿಂದಿನಿಂದ ಏನೂ ಇಲ್ಲ. ಈಗ ತಿರುಗಿ ನೋಡಿದೆ. ಇವರು ಕಂಬಕ್ಕೆ ಒರಗಿ ನಿಂತು, ಎಲ್ಲೋ ನೋಡುತ್ತಾ, ನನ್ನ ಕಡೆಗೆ ಬಲಗೈ ಚಾಚಿದ್ದರು. ಮುಗಿದ ಅಂಗಿ ತಗೊಳ್ಳುವ ಕೈ. ನಾನು ಏನು ಕೊಡಲಿ? ಅಂಗಿ ಬಾರದ್ದು ಕಂಡು, ಇನ್ನೊಂದು ಅಂಗಿ ಶುರುವಾಯಿತು ಅಂತ ತಿಳಿದರೋ ಏನೋ, ಕೈ ಇಳಿಸಿ ತಾವೇ ಗಟ್ಟಿಯಾಗಿ ಬಳೆ ಸಡಿಲ ಅಂತ ಮೊದಲಿನಿಂದ ಎತ್ತಿಬಿಟ್ಟರು.

ಛತ್ರಕ್ಕೆ ಛತ್ರವೇ ನಕ್ಕಿತು. "ಅಯ್ಯೋ, ಪಾರ್ವತಿ ಮತ್ತೆ ಬಳೆ ಅಂಗಡಿಗೆ ಹೋದ್ಲಾ?" ಅಂದಳು ಎದುರಿನ ಅಕ್ಕ. "ಮುಹೂರ್ತ ಮೀರ್ತದೆ, ಇರೋ ಬಳೆಯಲ್ಲೇ ಬರ್ಲಿ ಅಂತ ಹೇಳಿ" ಅಂದರು ಭಟ್ಟರು. ಇವರಿಗೆ ಆಗ ಎಚ್ಚರವಾಯಿತು. ಕಿವಿ ಕೆಂಪಾಗಿ, ಚಪ್ಪಲಿ ಹುಡುಕಿಕೊಂಡು ಊಟದ ಹಾಲಿನ ಕಡೆ ಹೊರಟೇಹೋದರು. ನಗುವಿನಲ್ಲಿ ಮೊಮ್ಮಗಳ ಗಂಟಲು ಬಿಟ್ಟಿತ್ತು. ಎಂಟನೆಯದನ್ನು ಅವಳು ಹಿಡಿದಳು, ಅಲ್ಲಿಂದ ಹದಿನಾರರವರೆಗೂ ಹಿಡಿದಳು. ಹೆಣ್ಣು ಎದ್ದು ಬಂದಳು. ಮದುವೆಯಾಯಿತು.

ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಊಟಕ್ಕೆ ಕೂತರೂ ನನ್ನ ತಲೆಯಲ್ಲಿ ಅದೇ. ಏಳು ನುಡಿ ಇವರಿಗೆ ಅಕ್ಷರ ತಪ್ಪದೆ ಬರುತ್ತದೆ. ಎಂಟನೆಯದು ಗೊತ್ತೇ ಇಲ್ಲ, ಯಾಕೆಂದರೆ ನಾನು ಅಂಗಡಿಯಲ್ಲಿ ಎಂಟನೆಯದನ್ನು ಹೇಳಿದ್ದೇ ಇಲ್ಲ. ಹಾಗಾದರೆ ಅಷ್ಟು ವರ್ಷ ಕೇಳುತ್ತಲೇ ಇದ್ದರು. ಕೇಳಿಯೂ ಬಿಳಿ ದಾರ ಕೊಡು ಅಂದರು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ವಾಪಸು ಬರುವಾಗ ವ್ಯಾನಿನಲ್ಲಿ ಪಕ್ಕದಲ್ಲೇ ಕೂತಿದ್ದರು. ಶೃಂಗೇರಿ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ, ಆ ಹಾಡಿನ ಬಸ್ಸು ತಪ್ಪಿದವರ ಹಾಗೆ. ಕೊನೆಗೆ ನಾನೇ ಕೇಳಿದೆ.

"ನನ್ನ ಹಾಡು ಬರ್ತದೆ ಅಂತ ಒಂದು ದಿನ ಹೇಳಬಾರ್ದಿತ್ತಾ?"

"ಹೇಳೋದು ಎಂತ ಅದ್ರಲ್ಲಿ?"

"ಚೆನ್ನಾಗಿದೆ ಅಂತ."

"ಚೆನ್ನಾಗಿದೆ ಅಂದ್ರೆ ನೀನು ಕಾಜಾ ಬಿಟ್ಟು ಹಾಡ್ತಾ ಕೂರ್ತಿದ್ದೆ. ಗಿರಾಕಿಗೆ ನಾನೆಂತ ಹೇಳ್ಲಿ?"

"ಜಪಾನಿನವಳಿಗೆ ಮಾತ್ರ ಮುಗೀಲಿ ಅಂತೀರಿ."

ಇವರು ಕಿಟಕಿಯ ಹೊರಗೆ ನೋಡಿದರು. "ಅದು ಮುಗೀತದೆ ಮಾರಾಯ್ತಿ. ನಿಂದು ಯಾವತ್ತು ಮುಗಿಸಿದ್ದೀಯ ನೀನು? ಬಾಗಿಲಿಗೆ ನಂದಿ ನಿಂತ ಅಂತ ಹೇಳಿ ಅಂಗಿ ಕೊಡ್ತೀಯ. ಮತ್ತೆ ಬಳೆ. ನಾನು ಅಷ್ಟು ವರ್ಷದಿಂದ ನಂದಿ ಹತ್ರಾನೇ ನಿಂತಿದ್ದೇನೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಅಲ್ಲ, ಕೊನೆಗೆ ಶಿವ ಎಂತ ಹೇಳಿದ್ದಕ್ಕೆ ಎದ್ದಳು ಅವಳು?"

ಮುಂದಿನ ಸೀಟಿನಿಂದ ಮೊಮ್ಮಗಳು ತಿರುಗಿ ಬಾಯಿ ತೆಗೆದಳು. ಅವಳ ಮೊಬೈಲಿನಲ್ಲಿ ಹದಿನಾರೂ ಇದ್ದವು. "ಹೇಳಿದ್ರೆ ನೋಡು" ಅಂದೆ. ಮುಚ್ಚಿಕೊಂಡಳು.

"ಹೇಳೇ" ಅಂದರು ಇವರು.

"ಜಪಾನಿನವಳ ಹತ್ರ ಕೇಳಿ" ಅಂದೆ.

ಈಗಲೂ ಇವರು ಆ ಹಾಡು ಕೇಳುತ್ತಾರೆ. ಬಿಡಿಸಲು ನನ್ನಿಂದ ಆಗಲಿಲ್ಲ. ನನ್ನ ಹೊಟ್ಟೆಕಿಚ್ಚೂ ಹೋಗಿಲ್ಲ, ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವಳ ಗಂಡ ಹಾಡಿನ ಕೊನೆಯವರೆಗೂ ಜೊತೆಗೆ ಇರುತ್ತಾನೆ, ಅರ್ಧದಲ್ಲಿ ಕೈ ಚಾಚುವುದಿಲ್ಲ. ಆದರೆ ಮಧ್ಯಾಹ್ನ ಮೊದಲು ನನ್ನದು, ಆಮೇಲೆ ಅವಳದು ಅಂತ ಮಾಡಿಟ್ಟಿದ್ದೇನೆ. ಊಟ ಆದ ಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತೇನೆ. ಕೈಯಲ್ಲಿ ಸೂಜಿ ಇಲ್ಲ, ಅಂಗಿಯೂ ಇಲ್ಲ. ಏಳು ನುಡಿ ಇಬ್ಬರೂ ಹೇಳುತ್ತೇವೆ, ಇವರು ಹಿಡಿಯುತ್ತಾರೆ. ಆಮೇಲೆ ಹೊಸದು. ಒಂದು ನುಡಿ ಇವರ ಬಾಯಿಗೆ ಸರಿಯಾಗಿ ಕೂರುವವರೆಗೆ ಮುಂದಿನದನ್ನು ನಾನು ಬಿಡುವುದಿಲ್ಲ. ಮೊನ್ನೆ ಒಬ್ಬರು ಪ್ಯಾಂಟು ತಗೊಂಡು ಬಂದು ಬಾಗಿಲಲ್ಲಿ ನಿಂತರು. ಇವರು ಹಾಡು ನಿಲ್ಲಿಸದೆ, ಕೂತ್ಕೊಳ್ಳಿ ಅಂತ ಕೈ ಮಾಡಿದರು.

ಈಗ ಹನ್ನೊಂದಕ್ಕೆ ಬಂದಿದ್ದೇವೆ. ಜಪಾನಿನವಳು ತನ್ನ ಹಾಡನ್ನೆಲ್ಲ ಇವರಿಗೆ ಹೇಳಿ ಮುಗಿಸಿದ್ದಾಳೆ, ಅವಳ ಹತ್ತಿರ ಹೊಸದು ಏನೂ ಉಳಿದಿಲ್ಲ. ನನ್ನ ಹತ್ತಿರ ಇನ್ನೂ ಐದು ನುಡಿ ಇವೆ. ನನಗೆ ಅವಸರ ಇಲ್ಲ. ಶಿವ ಎಂತ ಹೇಳಿದ್ದಕ್ಕೆ ಪಾರ್ವತಿ ಎದ್ದಳು ಅನ್ನುವುದನ್ನು ಇಲ್ಲಿಯೂ ಬರೆಯುವುದಿಲ್ಲ. ಇವರು ಕನ್ನಡಕ ಹಾಕಿಕೊಂಡು ಓದಿಬಿಟ್ಟರೆ?